ಜೆಥ್ರೊ ಟಲ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ?

ಮೊಬೈಲ್‌ನಲ್ಲಿ ಹಾಡು ಕೇಳುತ್ತಾ ಕೂತಿರುತ್ತೀರಿ. ನಿಮ್ಮ ಪಟ್ಟಿ ಮುಗಿದ ಮೇಲೆ ಆ್ಯಪ್ ತಾನಾಗಿ ಇನ್ನೊಂದು ಹಾಡು ಹಾಕುತ್ತದೆ. ಗಡುಸಾದ ಗಿಟಾರಿನಲ್ಲಿ ಆರೇ ಆರು ಸ್ವರ, ಹಿಂದೆಯೇ ಒರಟು ದನಿ. ಅದರ ಮುಂದಿನ ಹಾಡಿನಲ್ಲಿ ಕೊಳಲು! ರಾಕ್ ಸಂಗೀತದಲ್ಲಿ ಕೊಳಲು ಎಲ್ಲಿಂದ ಬಂತಪ್ಪಾ ಅಂತ ನೋಡಿದರೆ, ಎರಡಕ್ಕೂ ಒಂದೇ ಹೆಸರು: ಜೆಥ್ರೊ ಟಲ್, ಬ್ರಿಟನ್ನಿನ ಒಂದು ರಾಕ್ ತಂಡ.

ಕುತೂಹಲ ಹುಟ್ಟಿ ತಂಡದ ಪುಟ ತೆರೆದರೆ ತಲೆ ತಿರುಗುತ್ತದೆ. 1968ರಿಂದ 2025ರವರೆಗೆ 24 ಸ್ಟುಡಿಯೋ ಆಲ್ಬಮ್. ಅದರ ಮೇಲೆ ಕಛೇರಿಯ ರೆಕಾರ್ಡಿಂಗ್‌ಗಳು, ಸಂಕಲನಗಳು. ಹಿಂದೆಲ್ಲ ಈ ಕಷ್ಟ ಇರಲಿಲ್ಲ. ಅಂಗಡಿಯಲ್ಲಿ ಯಾವ ಕ್ಯಾಸೆಟ್ ಇತ್ತೋ ಅದೇ ಮೊದಲ ಆಲ್ಬಮ್. ಈಗ ಎಲ್ಲವೂ ಒಟ್ಟಿಗೇ ಮಡಿಲಿಗೆ ಬಿದ್ದಿದೆ.

ಗೊತ್ತಿದ್ದವರನ್ನು ಕೇಳೋಣ ಅಂದರೆ ಅಲ್ಲಿ ಇನ್ನೊಂದು ಗೊಂದಲ. ಒಬ್ಬರು ‘ಆಕ್ವಾಲಂಗ್’ ಅನ್ನುತ್ತಾರೆ. ಇನ್ನೊಬ್ಬರು ‘ಥಿಕ್ ಆ್ಯಸ್ ಎ ಬ್ರಿಕ್’ ಕೇಳದಿದ್ದರೆ ಕೇಳಿದ್ದೇ ವ್ಯರ್ಥ ಅನ್ನುತ್ತಾರೆ. ಮೂರನೆಯವರು ಅವೆರಡನ್ನೂ ಪಕ್ಕಕ್ಕಿಟ್ಟು ‘ಸಾಂಗ್ಸ್ ಫ್ರಮ್ ದಿ ವುಡ್’ ಹಿಡಿಯುತ್ತಾರೆ. ಒಳ್ಳೆ ದೋಸೆ ಎಲ್ಲಿ ಸಿಗುತ್ತದೆ ಅಂತ ಕೇಳಿದಾಗ ಒಬ್ಬರು ಬೆಣ್ಣೆ ದೋಸೆ, ಇನ್ನೊಬ್ಬರು ಸೆಟ್ ದೋಸೆ, ಮತ್ತೊಬ್ಬರು ನೀರುದೋಸೆ ತಲೆಯಲ್ಲಿಟ್ಟುಕೊಂಡು ಉತ್ತರ ಕೊಟ್ಟ ಹಾಗೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅವರ ಮಾತು ಬೇರೆ ಬೇರೆ ತಿಂಡಿಯ ಬಗ್ಗೆ, ಅಷ್ಟೆ.

ಆ ತಿಂಡಿಗಳು ಯಾವುವು ಅನ್ನುವುದು ಗೊತ್ತಾದರೆ ನಿಮಗೆ ಯಾವುದು ರುಚಿಸಬಹುದು ಅಂತಲೂ ಗೊತ್ತಾಗುತ್ತದೆ.

ಹೆಸರಿನ ಹಿಂದೊಂದು ಕೂರಿಗೆ

ಜೆಥ್ರೊ ಟಲ್ ಅನ್ನುವುದು ಗಾಯಕನ ಹೆಸರಲ್ಲ. ಆ ಹೆಸರಿನವನು 1674ರಲ್ಲಿ ಹುಟ್ಟಿ 1741ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಕೃಷಿಕ. ಬೀಜವನ್ನು ಕೈಯಲ್ಲಿ ಎರಚುವ ಬದಲು ಸಾಲಾಗಿ ಬಿತ್ತುವ, ಕುದುರೆ ಎಳೆಯುವ ಯಂತ್ರವನ್ನು 1701ರ ಸುಮಾರಿಗೆ ಮಾಡಿದವನು. ನಮ್ಮ ಹೊಲಗಳಲ್ಲಿ ಕೂರಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂಡಕ್ಕೆ ಈ ಹೆಸರು ಬಂದಿದ್ದು ಬೇಸಾಯದ ಮೇಲಿನ ಪ್ರೀತಿಯಿಂದಲ್ಲ. 1967ರ ಕೊನೆ, 1968ರ ಶುರುವಿನಲ್ಲಿ ಈ ಹುಡುಗರು ಲಂಡನ್ನಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಒಮ್ಮೆ ಕರೆದ ಕ್ಲಬ್ಬು ಮತ್ತೆ ಕರೆಯುವುದು ಕಷ್ಟವಿತ್ತು. ಹಾಗಾಗಿ ಮತ್ತೆ ಮತ್ತೆ ಹೆಸರು ಬದಲಿಸಿಕೊಂಡು ಹೊಸ ತಂಡದ ಹಾಗೆ ಹೋಗುತ್ತಿದ್ದರು! ಕಾರ್ಯಕ್ರಮ ಗೊತ್ತುಮಾಡುವ ಏಜೆಂಟರ ಕಚೇರಿಯಲ್ಲಿ ಇತಿಹಾಸ ಓದಿದವರೊಬ್ಬರಿದ್ದರು. ಒಂದು ವಾರ ಅವರು ಈ ಕೃಷಿಕನ ಹೆಸರು ಕೊಟ್ಟರು. ಆ ಹೆಸರಿನಲ್ಲಿ ಹೋದಾಗ ಮಾರ್ಕ್ವೀ ಕ್ಲಬ್ಬು ಮತ್ತೆ ಬನ್ನಿ ಅಂದಿತು. ಹೆಸರು ಅಂಟಿಕೊಂಡಿತು. ಮೊದಲ ಸಿಂಗಲ್, ಅಂದರೆ ಒಂದೆರಡು ಹಾಡಿನ ಪುಟ್ಟ ಗ್ರಾಮಫೋನ್ ತಟ್ಟೆ, ಅದರ ಮೇಲೆ ಮಾತ್ರ ‘ಜೆಥ್ರೊ ಟೋ’ ಅಂತ ತಪ್ಪಾಗಿ ಅಚ್ಚಾಯಿತು.

ಪ್ರೋಗ್ರೆಸಿವ್ ರಾಕ್ ಅಂದರೆ?

ಮಾಮೂಲಿ ರಾಕ್ ಹಾಡು ಮೂರ್ನಾಲ್ಕು ನಿಮಿಷದ್ದು. ಪಲ್ಲವಿ, ಚರಣ, ನಡುವೆ ಗಿಟಾರ್, ಮತ್ತೆ ಪಲ್ಲವಿ. ಎಣಿಕೆ ನಾಲ್ಕರದ್ದು. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಕೆಲವು ತಂಡಗಳಿಗೆ ಈ ಚೌಕಟ್ಟು ಸಾಲದಾಯಿತು. ಅವರು ಜಾಝ್, ಯುರೋಪಿನ ಶಾಸ್ತ್ರೀಯ ಸಂಗೀತ, ಹಳ್ಳಿಯ ಹಾಡು ಎಲ್ಲವನ್ನೂ ರಾಕ್ ಒಳಗೆ ತಂದರು. ಹಾಡು ಹತ್ತು, ಇಪ್ಪತ್ತು ನಿಮಿಷ ಬೆಳೆಯಿತು. ಇದಕ್ಕೆ ಪ್ರೋಗ್ರೆಸಿವ್ ರಾಕ್, ಚಿಕ್ಕದಾಗಿ ಪ್ರಾಗ್, ಅನ್ನುತ್ತಾರೆ.

ತಾಳದ ವಿಷಯ ನಮಗೆ ಸುಲಭ. 1969ರ ‘ಲಿವಿಂಗ್ ಇನ್ ದಿ ಪಾಸ್ಟ್’ ಹಾಡು ಕೇಳುತ್ತಾ ತೊಡೆಯ ಮೇಲೆ ಒಂದು, ಎರಡು ಅಂತ ತಟ್ಟಿ ನೋಡಿ. ನಾಲ್ಕಕ್ಕೆ ಕೂರುವುದಿಲ್ಲ. ಅದು ಐದರ ಎಣಿಕೆ. ಖಂಡ ಛಾಪು ಕೇಳಿ ಬೆಳೆದ ಕಿವಿಗೆ ಇದೇನೂ ಹೊಸದಲ್ಲ. ಆದರೆ ಇಂಗ್ಲೆಂಡಿನ ಪಾಪ್ ಪಟ್ಟಿಯಲ್ಲಿ ಐದರ ಎಣಿಕೆಯ ಹಾಡೊಂದು ಮೂರನೇ ಸ್ಥಾನಕ್ಕೆ ಏರಿದ್ದು ಅಪರೂಪವೇ.

ಆಲ್ಬಮ್ ಅನ್ನುವ ಪದವನ್ನೂ ಸ್ವಲ್ಪ ನೋಡಬೇಕು. ಆಗಿನ ಎಲ್‌ಪಿ ತಟ್ಟೆಗೆ ಎರಡು ಮಗ್ಗುಲು. ಒಂದೊಂದರಲ್ಲಿ ಸುಮಾರು 20 ನಿಮಿಷ. ಒಂದು ಮಗ್ಗುಲು ಮುಗಿದರೆ ಎದ್ದುಹೋಗಿ ತಟ್ಟೆ ಮಗುಚಬೇಕು. ಯಾವ ಹಾಡಾದ ಮೇಲೆ ಯಾವುದು, ಮಗುಚುವ ಮುಂಚೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನೆಲ್ಲ ಲೆಕ್ಕ ಹಾಕಿ ಕೂಡಿಸುತ್ತಿದ್ದರು. ಆದ್ದರಿಂದಲೇ ಪ್ರಾಗ್ ಅಭಿಮಾನಿಗಳು ‘ಈ ಹಾಡು ಕೇಳು’ ಅನ್ನುವುದಕ್ಕಿಂತ ‘ಈ ಆಲ್ಬಮ್ ಕೇಳು’ ಅನ್ನುವುದು ಜಾಸ್ತಿ. ಹಾಡುಗಳನ್ನು ಕಲಸಿ ಹಾಕುವ ಶಫಲ್ ಗುಂಡಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದಯವಿಟ್ಟು ಅದನ್ನು ಆಫ್ ಮಾಡಿಯೇ ಕೇಳಿ.

ಇನ್ನೊಂದು ಪದ ‘ಕಾನ್ಸೆಪ್ಟ್ ಆಲ್ಬಮ್’. ಇಡೀ ಆಲ್ಬಮ್ ಒಂದೇ ಕತೆ ಅಥವಾ ಒಂದೇ ವಿಷಯದ ಸುತ್ತ ಇದ್ದರೆ ಅದು ಕಾನ್ಸೆಪ್ಟ್ ಆಲ್ಬಮ್. ಈ ಪದದಿಂದಲೇ ಮುಂದೆ ಒಂದು ತಮಾಷೆ ನಡೆಯಿತು.

ಗಿಟಾರ್ ಕೊಟ್ಟು ಕೊಳಲು ತಂದವನು

ತಂಡದಲ್ಲಿ ಮೊದಲಿನಿಂದ ಇವತ್ತಿನವರೆಗೂ ಇರುವುದು ಒಬ್ಬರೇ. ಇಯಾನ್ ಆ್ಯಂಡರ್ಸನ್. ಹುಟ್ಟಿದ್ದು 1947ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ. ಮೊದಲು ಗಿಟಾರ್ ನುಡಿಸುತ್ತಿದ್ದರು. ಎರಿಕ್ ಕ್ಲಾಪ್ಟನ್ ನುಡಿಸುವುದನ್ನು ಕೇಳಿದ ಮೇಲೆ ಆ ಮಟ್ಟ ತನ್ನಿಂದ ಮುಟ್ಟಲಾಗದು ಅನ್ನಿಸಿ ತಮ್ಮ ಎಲೆಕ್ಟ್ರಿಕ್ ಗಿಟಾರನ್ನು ಅಂಗಡಿಗೆ ಕೊಟ್ಟು ಒಂದು ಕೊಳಲು, ಒಂದು ಮೈಕು ತಂದರು. ಕೊಳಲು ನುಡಿಸಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಬಿದಿರಿನ ಕೊಳಲಿನಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ. ಅರ್ಧ ಮುಚ್ಚಿ, ಜಾರಿಸಿ ಗಮಕ ತರಬಹುದು. ಆ್ಯಂಡರ್ಸನ್ ಹಿಡಿದಿದ್ದು ಲೋಹದ ಕೊಳಲು. ಅದರಲ್ಲಿ ರಂಧ್ರ ಮುಚ್ಚಲು ಪುಟ್ಟ ಕೀಲಿಗಳಿರುತ್ತವೆ. ಶಾಲೆಯಲ್ಲಿ ಕಲಿಯದ ಆ್ಯಂಡರ್ಸನ್ ಜಾಝ್ ವಾದಕ ರಹಸಾನ್ ರೋಲಂಡ್ ಕರ್ಕ್ ಅವರ ರೀತಿ ಹಿಡಿದರು: ಊದುತ್ತಲೇ ಗಂಟಲಲ್ಲಿ ಗುನುಗುವುದು. ಎರಡು ದನಿ ಬೆರೆತು ಕೊಳಲು ಬುಸುಗುಟ್ಟುತ್ತದೆ, ಕೆರೆಯುತ್ತದೆ, ಗದರುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಎದುರು ನಿಲ್ಲಲು ಅಂಥ ಕೊಳಲೇ ಬೇಕಿತ್ತು.

ಒಂದು ಕಾಲು ಎತ್ತಿ ನಿಂತು ನುಡಿಸುವ ಅವರ ಭಂಗಿ ನೋಡಿದರೆ ನಮಗೆ ಕೃಷ್ಣ ನೆನಪಾಗುವುದು ಸಹಜ. ಆದರೆ ಆ ಭಂಗಿ ಶುರುವಾಗಿದ್ದು ಕೊಳಲಿನಿಂದಲ್ಲ, ಮೌತ್ ಆರ್ಗನ್ ನುಡಿಸುವಾಗ. ಪತ್ರಿಕೆಯವರು ಒಂಟಿ ಕಾಲಿನಲ್ಲಿ ಕೊಳಲು ನುಡಿಸುತ್ತಾನೆ ಅಂತ ಬರೆದುಬಿಟ್ಟರು. ಬರೆದ ಮೇಲೆ ಆ್ಯಂಡರ್ಸನ್ ಹಾಗೇ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡರಂತೆ.

ಎಷ್ಟೋ ವರ್ಷಗಳ ನಂತರ, 1990ರ ದಶಕದಲ್ಲಿ, ಮಗಳು ಕೊಳಲು ಕಲಿಯುವಾಗ ಆ್ಯಂಡರ್ಸನ್‌ಗೆ ತನ್ನ ಬೆರಳಿಡುವ ಕ್ರಮವೇ ತಪ್ಪು ಅಂತ ಗೊತ್ತಾಯಿತು. ಅಷ್ಟು ಹೆಸರು ಮಾಡಿದ ಮೇಲೆ ಮೊದಲಿನಿಂದ ಕಲಿತರು. ಅದಕ್ಕೂ ಹಿಂದಿನ ಮತ್ತು ಮುಂದಿನ ಆಲ್ಬಮ್‌ಗಳ ಕೊಳಲು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲಿನದು ಒರಟು, ನಂತರದ್ದು ನಯ. ಒರಟೇ ಇಷ್ಟ ಅನ್ನುವವರೂ ಇದ್ದಾರೆ. ನಾನೂ ಆ ಕಡೆಯವನೇ.

ಒಂದೇ ಹೆಸರಿನಲ್ಲಿ ಹಲವು ತಂಡ

ಅಭಿಮಾನಿಗಳ ಉತ್ತರ ಏಕೆ ಬೇರೆ ಬೇರೆ ಅನ್ನುವುದರ ಗುಟ್ಟು ಇಲ್ಲಿದೆ. ಜೆಥ್ರೊ ಟಲ್ ಯಕ್ಷಗಾನ ಮೇಳದ ಹಾಗೆ. ಮೇಳದ ಹೆಸರು ಅದೇ ಇರುತ್ತದೆ. ಕಲಾವಿದರು ತಿರುಗಾಟದಿಂದ ತಿರುಗಾಟಕ್ಕೆ ಬದಲಾಗುತ್ತಾರೆ. ಎರಡು ಡಜನ್‌ಗೂ ಹೆಚ್ಚು ಮಂದಿ ಈ ತಂಡದಲ್ಲಿ ಬಂದು ಹೋಗಿದ್ದಾರೆ. ಆ್ಯಂಡರ್ಸನ್ ಬಿಟ್ಟರೆ ಜಾಸ್ತಿ ಕಾಲ ಇದ್ದವರು ಗಿಟಾರ್ ವಾದಕ ಮಾರ್ಟಿನ್ ಬಾರ್. 1968ರ ಕೊನೆಯಲ್ಲಿ ಸೇರಿ ನಲವತ್ತು ವರ್ಷಕ್ಕೂ ಮೀರಿ ನುಡಿಸಿದರು.

ಮೊದಲ ಆಲ್ಬಮ್ ‘ದಿಸ್ ವಾಸ್’ (1968) ಬ್ಲೂಸ್. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ನೋವಿನಿಂದ ಹುಟ್ಟಿದ ಹಾಡು. ರಾಕ್‌ಗೆ ಅದೇ ಬೇರು. ಆಗಿನ ಗಿಟಾರ್ ವಾದಕ ಮಿಕ್ ಏಬ್ರಹಾಮ್ಸ್‌ಗೆ ಬ್ಲೂಸ್ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಆ್ಯಂಡರ್ಸನ್‌ಗೆ ಅಲ್ಲೇ ನಿಲ್ಲಲು ಮನಸ್ಸಿರಲಿಲ್ಲ. ಏಬ್ರಹಾಮ್ಸ್ ಹೊರಟರು. ‘ದಿಸ್ ವಾಸ್’ ಅಂದರೆ ‘ಇದು ಆಗ ಹೀಗಿತ್ತು’. ಹೆಸರಿಡುವಾಗಲೇ ಮುಂದೆ ಬೇರೆ ದಾರಿ ಅಂತ ಹೇಳಿದ್ದರು.

ಮುಂದಿನ ವರ್ಷದ ‘ಸ್ಟ್ಯಾಂಡ್ ಅಪ್’ನಲ್ಲಿ ಆ ಬೇರೆ ದಾರಿ ಕಾಣುತ್ತದೆ. ಜರ್ಮನಿಯ ಬಾಖ್ ಲ್ಯೂಟ್ ವಾದ್ಯಕ್ಕೆ ಬರೆದ ಒಂದು ಪುಟ್ಟ ನೃತ್ಯದ ಮಟ್ಟನ್ನು ಕೊಳಲಿನಲ್ಲಿ ಜಾಝ್ ಥರ ನುಡಿಸಿದ್ದಾರೆ. ಹೆಸರು ‘ಬುರೆ’. ಈ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹೊದಿಕೆ ತೆರೆದರೆ ಮಕ್ಕಳ ಪುಸ್ತಕದ ಹಾಗೆ ತಂಡದವರ ಚಿತ್ರ ಎದ್ದು ನಿಲ್ಲುತ್ತಿತ್ತು. ಮೊಬೈಲ್‌ನಲ್ಲಿ ಕೇಳುವವರಿಗೆ ಅದು ಸಿಗುವುದಿಲ್ಲ, ಏನು ಮಾಡುವುದು.

ಆಕ್ವಾಲಂಗ್, ಮತ್ತೆ ಒಂದು ಇಟ್ಟಿಗೆ

ಶುರುವಿನಲ್ಲಿ ಹೇಳಿದ ಆರು ಸ್ವರ 1971ರ ‘ಆಕ್ವಾಲಂಗ್’ ಆಲ್ಬಮ್‌ನವು. ಆಕ್ವಾಲಂಗ್ ಅಂದರೆ ನೀರಿನೊಳಗೆ ಇಳಿಯುವವರು ಉಸಿರಾಡುವ ಉಪಕರಣ. ಹಾಡಿನಲ್ಲಿ ಅದು ಬೀದಿಯಲ್ಲಿ ಬದುಕುವ ಒಬ್ಬ ಮುದುಕನ ಅಡ್ಡಹೆಸರು. ಅವನ ಉಸಿರು ಆ ಉಪಕರಣದ ಹಾಗೆ ಗೊರಗೊರ ಅನ್ನುತ್ತದೆ. ಆ್ಯಂಡರ್ಸನ್ ಅವರ ಆಗಿನ ಪತ್ನಿ ಜೆನ್ನಿ ಮನೆಯಿಲ್ಲದವರ ಫೋಟೋ ತೆಗೆದಿದ್ದರು. ಅದರಿಂದ ಈ ಹಾಡು ಹುಟ್ಟಿತು. ಸಾಹಿತ್ಯದಲ್ಲಿ ಅವರ ಪಾಲೂ ಇದೆ.

ತಟ್ಟೆಯ ಮೊದಲ ಮಗ್ಗುಲಿನಲ್ಲಿ ಹೀಗೆ ಕೆಲವು ಮನುಷ್ಯರ ಚಿತ್ರ. ಎರಡನೇ ಮಗ್ಗುಲಿನಲ್ಲಿ ದೇವರು, ಚರ್ಚು, ಅವೆರಡರ ನಡುವಿನ ಅಂತರ. ‘ಲೊಕೊಮೋಟಿವ್ ಬ್ರೆತ್’ ಹಾಡು ಅಲ್ಲೇ ಇದೆ: ನಿಲ್ಲಿಸಲಾಗದೆ ಓಡುತ್ತಿರುವ ರೈಲು, ಒಳಗೆ ಕೂತ ಮನುಷ್ಯ. ಪಿಯಾನೋ ಮೆಲ್ಲಗೆ ಶುರುವಾಗಿ, ಗಿಟಾರ್ ಸೇರಿ, ರೈಲು ವೇಗ ಹಿಡಿಯುವುದು ಕಿವಿಗೇ ತಿಳಿಯುತ್ತದೆ. ಗಡುಸು ಹಾಡಿನ ಪಕ್ಕದಲ್ಲೇ ಒಂದೆರಡು ನಿಮಿಷದ ಮೆದು ಹಾಡು ಬರುತ್ತದೆ. ಈ ಏರಿಳಿತದಿಂದಾಗಿಯೇ ಹೊಸಬರಿಗೆ ಹೆಚ್ಚಿನವರು ಇದನ್ನೇ ಕೊಡುವುದು.

ವಿಮರ್ಶಕರು ಇದನ್ನು ಕಾನ್ಸೆಪ್ಟ್ ಆಲ್ಬಮ್ ಅಂದರು. ಆ್ಯಂಡರ್ಸನ್ ಅಲ್ಲ ಅಂದರು. ವಿಮರ್ಶಕರು ಕೇಳಲಿಲ್ಲ. ಹಾಗಾದರೆ ಕಾನ್ಸೆಪ್ಟ್ ಆಲ್ಬಮ್‌ಗಳಿಗೆಲ್ಲ ತಾತನಂಥದ್ದನ್ನು ಕೊಡುತ್ತೇನೆ ಅಂತ 1972ರಲ್ಲಿ ‘ಥಿಕ್ ಆ್ಯಸ್ ಎ ಬ್ರಿಕ್’ ಮಾಡಿದರು. ಇಂಗ್ಲಿಷರು ದಡ್ಡರನ್ನು ಇಟ್ಟಿಗೆಗೆ ಹೋಲಿಸುತ್ತಾರೆ. ತಲೆಯಲ್ಲಿ ಸಗಣಿ ತುಂಬಿದೆ ಅಂತ ನಾವು ಹೇಳುವ ಜಾಗದಲ್ಲಿ ಅವರದ್ದು ಇಟ್ಟಿಗೆ.

ಇಡೀ ಆಲ್ಬಮ್‌ಗೆ ಒಂದೇ ಹಾಡು. ಸುಮಾರು 44 ನಿಮಿಷ. ತಟ್ಟೆ ಮಗುಚಲು ಮಾತ್ರ ನಡುವೆ ತಡೆ. ಸಾಹಿತ್ಯ ಬರೆದವನು ಜೆರಾಲ್ಡ್ ಬೋಸ್ಟಾಕ್ ಎಂಬ ಎಂಟು ವರ್ಷದ ಹುಡುಗ ಅಂತ ಹೊದಿಕೆ ಹೇಳುತ್ತದೆ. ಅಂಥ ಹುಡುಗನೇ ಇರಲಿಲ್ಲ. ಹೊದಿಕೆಯೋ, 12 ಪುಟದ ಹಳ್ಳಿ ಪತ್ರಿಕೆ! ಬಹುಮಾನ ಗೆದ್ದ ಬಾಲಕವಿಯ ಸುದ್ದಿ, ಸ್ಥಳೀಯ ಗಾಸಿಪ್, ಜಾಹೀರಾತು ಎಲ್ಲ ಸುಳ್ಳೇ ಸುಳ್ಳು. ಸಂಗೀತಕ್ಕಿಂತ ಪತ್ರಿಕೆ ಮಾಡಲಿಕ್ಕೇ ಜಾಸ್ತಿ ಸಮಯ ಹಿಡಿಯಿತು ಅಂತ ತಂಡದವರು ಹೇಳಿಕೊಂಡಿದ್ದಾರೆ. ತಮಾಷೆಗೆ ಮಾಡಿದ್ದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎಷ್ಟೋ ಮಂದಿ ಆ ಹುಡುಗ ನಿಜವೆಂದೇ ನಂಬಿದರು.

44 ನಿಮಿಷದ ಒಂದೇ ಹಾಡು ಅಂದರೆ ಹೆದರಬೇಕಾಗಿಲ್ಲ. ರಾಗ ವಿಸ್ತಾರವನ್ನು ಒಂದು ಗಂಟೆ ಕೇಳುವವರು ನಾವು. ಆದರೆ ಒಂದು ವ್ಯತ್ಯಾಸ ಇದೆ. ರಾಗದಲ್ಲಿ ಒಂದೇ ಜಾಗದಲ್ಲಿ ನಿಂತು ಆಳಕ್ಕೆ ಇಳಿಯುತ್ತಾರೆ. ಇಲ್ಲಿ ಬಯಲಾಟದ ಪ್ರಸಂಗದ ಹಾಗೆ ದೃಶ್ಯ ಬದಲಾಗುತ್ತಾ ಹೋಗುತ್ತದೆ. ಶುರುವಿನ ಗಿಟಾರಿನ ಪುಟ್ಟ ಮಟ್ಟನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಅದು ಮತ್ತೆ ಬಂದಾಗ ಊರಿಗೆ ವಾಪಸ್ ಬಂದ ಹಾಗನ್ನಿಸುತ್ತದೆ.

1973ರ ‘ಎ ಪ್ಯಾಶನ್ ಪ್ಲೇ’ ಕೂಡ ಹೀಗೇ ಒಂದೇ ಉದ್ದ ಹಾಡು. ಸತ್ತವನೊಬ್ಬನ ಪರಲೋಕದ ಪ್ರಯಾಣ. ನಡುವೆ ಕನ್ನಡಕ ಕಳೆದುಕೊಂಡ ಮೊಲದ ಕತೆ ಬೇರೆ. ಇದೂ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು, ವಿಮರ್ಶಕರು ಮಾತ್ರ ಹಿಗ್ಗಾಮುಗ್ಗಾ ಬೈದರು. ಅಭಿಮಾನಿಗಳು ಇವತ್ತಿಗೂ ಇದರ ಬಗ್ಗೆ ಜಗಳವಾಡುತ್ತಾರೆ. ಮೊದಲಿಗೇ ಇದನ್ನು ಹಾಕಿಕೊಳ್ಳಬೇಡಿ.

ಕಾಡು, ಕುದುರೆ, ಚಂಡಮಾರುತ

1977ರಲ್ಲಿ ಬ್ರಿಟನ್ನಿನ ಬೀದಿಗಳಲ್ಲಿ ಪಂಕ್ ಎಂಬ ಸಿಟ್ಟಿನ ಸಂಗೀತ ಎದ್ದಿತ್ತು. ಉದ್ದದ ಹಾಡುಗಳ ಕಾಲ ಮುಗಿಯಿತು ಅನ್ನುವ ಮಾತು ಕೇಳುತ್ತಿತ್ತು. ಆಗ ಜೆಥ್ರೊ ಟಲ್ ಹಳ್ಳಿ ದಾರಿ ಹಿಡಿಯಿತು. ‘ಸಾಂಗ್ಸ್ ಫ್ರಮ್ ದಿ ವುಡ್’ (1977), ‘ಹೆವಿ ಹಾರ್ಸಸ್’ (1978), ‘ಸ್ಟಾರ್ಮ್‌ವಾಚ್’ (1979) ಈ ಮೂರನ್ನು ಜಾನಪದ ತ್ರಿವಳಿ ಅನ್ನುತ್ತಾರೆ. ಮ್ಯಾಂಡೋಲಿನ್, ಹಲವು ಕಂಠ ಸೇರಿದ ಹಾಡುಗಾರಿಕೆ, ಹಳೆ ಬ್ರಿಟನ್ನಿನ ಹಬ್ಬ ಮತ್ತು ನಂಬಿಕೆ. ಹೆಚ್ಚಿನ ಹಾಡುಗಳು ಚಿಕ್ಕವು. ತಾಳ ಮಾತ್ರ ಒಳಗೊಳಗೇ ಲೆಕ್ಕ ತಪ್ಪಿಸುವಂಥದ್ದು.

‘ಹೆವಿ ಹಾರ್ಸಸ್’ ಶೀರ್ಷಿಕೆ ಹಾಡು ಉಳುವ ಕುದುರೆಗಳ ಬಗ್ಗೆ. ಸಫೋಕ್, ಕ್ಲೈಡ್ಸ್‌ಡೇಲ್, ಪರ್ಶೆರಾನ್ ಅಂತ ತಳಿಗಳ ಹೆಸರನ್ನೇ ಹಾಡಿನಲ್ಲಿ ಕರೆಯುತ್ತಾರೆ. ಟ್ರ್ಯಾಕ್ಟರ್ ಬಂದ ಮೇಲೆ ಇವುಗಳಿಗೆ ಕೆಲಸ ಇಲ್ಲವಾಯಿತು. ಮನೆಯ ಜೋಡಿ ಎತ್ತುಗಳನ್ನು ಮಾರಿದ ದಿನ ನೋಡಿದವರಿಗೆ ಈ ಹಾಡಿನ ಭಾವ ಹೇಳಿಕೊಡಬೇಕಿಲ್ಲ, ಅಲ್ವಾ? ಬಿತ್ತುವ ಯಂತ್ರ ಮಾಡಿದವನ ಹೆಸರಿಟ್ಟುಕೊಂಡ ತಂಡ, ಯಂತ್ರಕ್ಕೆ ಸೋತ ಪ್ರಾಣಿಗೆ ಹಾಡು ಕಟ್ಟಿತು.

‘ಸ್ಟಾರ್ಮ್‌ವಾಚ್’ ತಣ್ಣಗಿದೆ, ಕತ್ತಲಿದೆ. ಸಮುದ್ರದ ತೈಲ, ಹವೆ, ಮುಂದೇನು ಎಂಬ ಭಯ. ಅದು ಬಂದ ವರ್ಷದ ಕೊನೆಯಲ್ಲೇ ಬೇಸ್ ಗಿಟಾರಿನ ಜಾನ್ ಗ್ಲಾಸ್ಕಾಕ್ ಹೃದಯದ ಕಾಯಿಲೆಯಿಂದ ತೀರಿಕೊಂಡರು. ವಯಸ್ಸು 28. ಆ ತಂಡ ಅಲ್ಲಿಗೆ ಚದುರಿತು.

ಎಂಬತ್ತರ ದಶಕ, ಮತ್ತೊಂದು ಅಲ್ಪವಿರಾಮ

ಆಮೇಲೆ ಸಿಂಥಸೈಜರ್, ಡ್ರಮ್ ಯಂತ್ರಗಳ ಕಾಲ. 1984ರ ‘ಅಂಡರ್ ರ‍್ಯಾಪ್ಸ್’ ಕೇಳಿದರೆ ಕುದುರೆ ಹೋಗಿ ಕಂಪ್ಯೂಟರ್ ಬಂದ ಹಾಗಿದೆ. ಆ ಹೊತ್ತಿಗೆ ಆ್ಯಂಡರ್ಸನ್ ಗಂಟಲೂ ಕೆಟ್ಟಿತು. ಆಮೇಲಿನ ಆಲ್ಬಮ್‌ಗಳಲ್ಲಿ ಅವರು ತಗ್ಗಿದ ದನಿಯಲ್ಲಿ ಹಾಡುವುದು ಇದೇ ಕಾರಣಕ್ಕೆ.

1987ರ ‘ಕ್ರೆಸ್ಟ್ ಆಫ್ ಎ ನೇವ್’ಗೆ 1989ರಲ್ಲಿ ಗ್ರ್ಯಾಮಿ ಬಂತು. ಹಾರ್ಡ್ ರಾಕ್ ಮತ್ತು ಮೆಟಲ್ ವಿಭಾಗದಲ್ಲಿ! ಹೆವಿ ಮೆಟಲ್ ಅಂದರೆ ಕಿವಿಗಡಚಿಕ್ಕುವ, ಗಡುಸು ಗಿಟಾರಿನ ರಾಕ್. ಎಲ್ಲರೂ ಆ ಬಗೆಯ ತಂಡ ಮೆಟಾಲಿಕಾ ಗೆಲ್ಲುತ್ತದೆ ಅಂದುಕೊಂಡಿದ್ದರು. ಜೆಥ್ರೊ ಟಲ್‌ನವರು ಸಮಾರಂಭಕ್ಕೇ ಹೋಗಿರಲಿಲ್ಲ. ಅವರ ರೆಕಾರ್ಡ್ ಕಂಪನಿ ಒಂದು ಜಾಹೀರಾತು ಹಾಕಿತು: ಕೊಳಲು ಒಂದು ಹೆವಿ, ಮೆಟಲ್ ವಾದ್ಯ. ಜೋಕು ಇರುವುದು ಆ ಅಲ್ಪವಿರಾಮದಲ್ಲಿ. ಭಾರವಾದದ್ದು, ಲೋಹದ್ದು, ನಿಜ ತಾನೆ? 1992ರಲ್ಲಿ ಮೆಟಾಲಿಕಾ ಗ್ರ್ಯಾಮಿ ಗೆದ್ದಾಗ ಅವರ ಡ್ರಮ್ಮರ್ ಲಾರ್ಸ್ ಉಲ್ರಿಕ್, ಈ ವರ್ಷ ಆಲ್ಬಮ್ ತರದ ಜೆಥ್ರೊ ಟಲ್‌ಗೆ ಧನ್ಯವಾದ ಹೇಳಿದರು. ನಿಜವೇನೆಂದರೆ 1991ರಲ್ಲಿ ಇವರ ಆಲ್ಬಮ್ ಬಂದಿತ್ತು!

1995ರ ‘ರೂಟ್ಸ್ ಟು ಬ್ರಾಂಚಸ್’ನಲ್ಲಿ ಭಾರತ ಮತ್ತು ಅರಬ್ ನಾಡಿನ ಛಾಯೆ ಇದೆ. ಬೆರಳು ತಿದ್ದಿಕೊಂಡ ಮೇಲಿನ ಕೊಳಲು ಕೇಳಲು ಇದೇ ಸರಿ. ಭಾರತಕ್ಕೂ ತಂಡ ಬಂದಿದೆ. 2008ರಲ್ಲಿ ಸಿತಾರ್ ವಾದಕಿ ಅನೌಷ್ಕಾ ಶಂಕರ್ ಜೊತೆ ಕಾರ್ಯಕ್ರಮಗಳಿದ್ದಾಗಲೇ ಮುಂಬೈ ದಾಳಿ ನಡೆಯಿತು. ಅಲ್ಲಿನ ಕಾರ್ಯಕ್ರಮ ಮುಂದೆ ಹೋಗಿ, ಡಿಸೆಂಬರ್‌ನಲ್ಲಿ ದಾಳಿಗೆ ಸಿಕ್ಕವರ ನೆರವಿಗಾಗಿ ಇಬ್ಬರೂ ಸೇರಿ ನುಡಿಸಿದರು.

ಹಾಗಾದರೆ ಯಾರಿಗೆ ಯಾವುದು?

ಅಭಿಮಾನಿಯ ಸಲಹೆ ಕೇಳುವಾಗ ಒಂದು ಮರುಪ್ರಶ್ನೆ ಹಾಕಿ: ನೀವು ಮೊದಲು ಕೇಳಿದ್ದು ಯಾವುದು? ತುಂಬಾ ಸಲ ಉತ್ತರ ಅವರು ಸಲಹೆ ಕೊಟ್ಟ ಆಲ್ಬಮ್ಮೇ ಆಗಿರುತ್ತದೆ.

ನಿಮ್ಮ ಕಿವಿಯ ಲೆಕ್ಕದಲ್ಲಿ ಹೇಳುವುದಾದರೆ, ಗಡುಸು ಗಿಟಾರ್ ಇಷ್ಟವಿದ್ದರೆ ‘ಆಕ್ವಾಲಂಗ್’. ಜಾನಪದ, ಭಾವಗೀತೆ ಕೇಳುವವರಾದರೆ ಸೀದಾ ‘ಸಾಂಗ್ಸ್ ಫ್ರಮ್ ದಿ ವುಡ್’ಗೆ ಹೋಗಿ, ಅಲ್ಲಿಂದ ‘ಹೆವಿ ಹಾರ್ಸಸ್’. ಗಂಟೆಗಟ್ಟಲೆ ಕಛೇರಿ ಕೇಳುವ ತಾಳ್ಮೆ ಇದ್ದವರು ‘ಥಿಕ್ ಆ್ಯಸ್ ಎ ಬ್ರಿಕ್’ನಿಂದಲೇ ಶುರು ಮಾಡಬಹುದು. ಯಾವುದೂ ಗೊತ್ತಿಲ್ಲ, ಸುಮ್ನೆ ಕೊಳಲು ಕೇಳಿದರೆ ಸಾಕು ಅನ್ನುವವರಿಗೆ ‘ಸ್ಟ್ಯಾಂಡ್ ಅಪ್’. ಅಕೂಸ್ಟಿಕ್ ಗಿಟಾರ್ ಮತ್ತು ಪಿಟೀಲುಗಳ ಮೇಳ ಹಿಡಿಸಿದರೆ 1975ರ ‘ಮಿನ್‌ಸ್ಟ್ರೆಲ್ ಇನ್ ದಿ ಗ್ಯಾಲರಿ’ ಇದೆ. ಅದನ್ನು ಹೊಸಬರಿಗೆ ಕೊಡುವವರು ಕಡಿಮೆ, ಯಾಕೋ ಗೊತ್ತಿಲ್ಲ.

ಒಂದೇ ಆಲ್ಬಮ್‌ಗೆ ಎರಡು ಮೂರು ಆವೃತ್ತಿ ಕಂಡರೆ ಗಾಬರಿ ಬೇಡ. ಸಂಗೀತಗಾರ ಸ್ಟೀವನ್ ವಿಲ್ಸನ್ 2011ರಿಂದ ಹಳೆಯ ಮೂಲ ಟೇಪುಗಳನ್ನು ತೆಗೆದುಕೊಂಡು, ಪ್ರತಿ ವಾದ್ಯದ ಮಟ್ಟವನ್ನು ಹೊಸದಾಗಿ ಹೊಂದಿಸಿ, ಹಲವು ಆಲ್ಬಮ್‌ಗಳನ್ನು ಮತ್ತೆ ಸಿದ್ಧಪಡಿಸಿದ್ದಾರೆ. ಇದಕ್ಕೆ ರೀಮಿಕ್ಸ್ ಅನ್ನುತ್ತಾರೆ. ನಮ್ಮಲ್ಲಿ ಹಳೆ ಹಾಡಿಗೆ ಕುಣಿಯುವ ತಾಳ ಹಾಕುವ ರೀಮಿಕ್ಸ್ ಅಲ್ಲ ಇದು. ‘ಆಕ್ವಾಲಂಗ್’ ಮೂಲದಲ್ಲಿ ಸ್ವಲ್ಪ ಮಂಕಾಗಿ ಕೇಳಿಸುತ್ತಿತ್ತು. ಅದಕ್ಕೆ ವಿಲ್ಸನ್ ಆವೃತ್ತಿಯೇ ವಾಸಿ.

ಹಳೆಯದರಿಂದಲೇ ಶುರು ಮಾಡಬೇಕೆಂಬ ನಿಯಮವೂ ಇಲ್ಲ. ಆ್ಯಂಡರ್ಸನ್ ತಮ್ಮ 77ನೇ ವಯಸ್ಸಿನಲ್ಲಿ, 2025ರ ಮಾರ್ಚ್‌ನಲ್ಲಿ, ಹೊಸ ಆಲ್ಬಮ್ ತಂದರು. ಶ್ವಾಸಕೋಶದ ತೊಂದರೆ ಇದೆ ಅಂತ ಅವರೇ 2020ರಲ್ಲಿ ಹೇಳಿದ್ದರು. ಆದರೂ ಇದರಲ್ಲಿ ಸುಮಾರು 17 ನಿಮಿಷದ ಒಂದು ಹಾಡಿದೆ. ಆಲ್ಬಮ್ ಹೆಸರು ‘ಕ್ಯೂರಿಯಸ್ ರೂಮಿನಂಟ್’. ರೂಮಿನಂಟ್ ಅಂದರೆ ದನ, ಕುರಿಯಂಥ ಮೆಲುಕು ಹಾಕುವ ಪ್ರಾಣಿ. ಕೂತು ಹಳೆಯದನ್ನು ನೆನೆಯುವವನಿಗೂ ಇಂಗ್ಲಿಷಿನಲ್ಲಿ ಅದೇ ಬೇರಿನ ಪದ ಒದಗುತ್ತದೆ. ಕನ್ನಡದಲ್ಲಂತೂ ಹಟ್ಟಿಯ ಹಸುವಿಗೂ ಜಗಲಿಯ ಅಜ್ಜನಿಗೂ ಮೊದಲಿನಿಂದಲೂ ‘ಮೆಲುಕು’ ಒಂದೇ.